ಅಂಗಡಿಯ ಬಾಗಿಲಲ್ಲಿ ನಿಂತು ಹಕ್ಕಿ ಕ್ಯಾಮೆರಾ ಆರಿಸಬೇಡಿ

ಕಳೆದ ವಾರ ನಮ್ಮ ಬೀದಿಯ ಹುಡುಗನೊಬ್ಬ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. ಬಿ.ಎಸ್ಸಿ. ಓದುತ್ತಿದ್ದಾನೆ, ಎರಡು ವರ್ಷದಿಂದ ಹಕ್ಕಿಗಳ ಹುಚ್ಚು ಹಿಡಿದಿದೆ. "ಅಣ್ಣ, ಕ್ಯಾಮೆರಾಕ್ಕೆ ಎರಡು ಸಾವಿರ ಮುಂಗಡ ಕೊಟ್ಟು ಬಂದೆ. 83 ಎಕ್ಸ್ ಜೂಮ್. ರಸ್ತೆಯ ಆಚೆ ಬದಿಯ ಬೋರ್ಡಿನ ಫೋನ್ ನಂಬರ್ ಕೂಡ ಓದಲು ಬಂತು" ಎಂದ. ಅವನ ದನಿಯಲ್ಲಿದ್ದ ಸಂತೋಷ ಕೇಳಿ ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷಗಳ ಹಿಂದೆ ಮಟಮಟ ಮಧ್ಯಾಹ್ನ ದಾವಣಗೆರೆಯ ಒಂದು ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆಯೇ ಎದುರು ಸಾಲಿನ ಬೋರ್ಡ್ ಓದಿ ಮರುಳಾದವನು ನಾನು. ಅಲ್ಲಿಂದ ಒಂದೂವರೆ ವರ್ಷದೊಳಗೆ ಎರಡು ಸಲ ತಪ್ಪು ಆಯ್ಕೆ ಮಾಡಿ ಹತ್ತಿರಹತ್ತಿರ 30 ಸಾವಿರ ರೂಪಾಯಿ ಕಳೆದುಕೊಂಡೆ. ಸಂಬಳದಲ್ಲಿ ಉಳಿಸಿದ ಹಣ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯವರು ಸುಳ್ಳು ಹೇಳಲಿಲ್ಲ. ಬೋರ್ಡ್ ನಿಜವಾಗಿಯೂ ಓದಲು ಬಂತು. ಆದರೆ ಆ ಬೋರ್ಡ್ ಉರಿಬಿಸಿಲಿನಲ್ಲಿತ್ತು, ಗೋಡೆಗೆ ಭದ್ರವಾಗಿ ಕೂತಿತ್ತು, ಹಳದಿಯ ಮೇಲೆ ದಪ್ಪ ಕಪ್ಪು ಅಕ್ಷರ ಬರೆಸಿದ್ದರು. ಹಕ್ಕಿ ಇರುವುದು ಹಾಗಲ್ಲ ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. "ಸರ್, ಲೆನ್ಸ್ ಬದಲಾಯಿಸುವ ತಲೆನೋವೇ ಇಲ್ಲ, ಇನ್ನು ನಿಮಗೆ ಬೇರೇನೂ ಬೇಡ" ಎಂದರು. ಅಂಥದೇ 83 ಎಕ್ಸ್ ಕ್ಯಾಮೆರಾಕ್ಕೆ 38 ಸಾವಿರ ಎಣಿಸಿ ಕೊಟ್ಟೆ.

ಡಿಸೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಕುಂದವಾಡ ಕೆರೆಯ ಏರಿಯ ಮೇಲಿದ್ದೆ. ನೀರಿನ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಕಪ್ಪು ಬಿಳಿ ಮಿಂಚುಳ್ಳಿಯೊಂದು ನೀರಿನಿಂದ ಎರಡಾಳೆತ್ತರದಲ್ಲಿ, ಒಂದೇ ಕಡೆ ರೆಕ್ಕೆ ಬಡಿಯುತ್ತ, ಕೊಕ್ಕನ್ನು ನೇರ ಕೆಳಕ್ಕೆ ಮಾಡಿ ನಿಂತಿತು. ಮೀನಿನ ಮೇಲೆ ಬೀಳುವ ಮುನ್ನ ಅದು ಹಾಗೆ ನಿಲ್ಲುವ ಆ ನಾಲ್ಕೈದು ಕ್ಷಣಗಳಿಗಾಗಿಯೇ ನಾನು ಕ್ಯಾಮೆರಾ ಕೊಂಡಿದ್ದು. ಈ ಹಕ್ಕಿಯಲ್ಲಿ ಗಂಡಿಗೆ ಎದೆಯ ಮೇಲೆ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ಒಂದೇ, ಅದೂ ಸಾಮಾನ್ಯವಾಗಿ ನಡುವೆ ತುಂಡಾಗಿರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಎದೆಯ ಜಾಗದಲ್ಲಿ ಒಂದು ಬೂದು ಕಲೆ. ಪಟ್ಟಿ ಒಂದೋ ಎರಡೋ ಎಣಿಸಲು ಆಗಲಿಲ್ಲ. ಕಣ್ಣು ಅದರ ಪಕ್ಕದ ಕಪ್ಪು ಪಟ್ಟೆಯಲ್ಲಿ ಕರಗಿಹೋಗಿತ್ತು, ಗರಿಗಳು ಒದ್ದೆ ಕಾಗದದ ಮೇಲೆ ಹಬ್ಬಿದ ಶಾಯಿಯಂತಿದ್ದವು. ಇಪ್ಪತ್ತಮೂರು ಚಿತ್ರ ತೆಗೆದಿದ್ದೆ. ಒಂದರಲ್ಲೂ ಅದು ಗಂಡೋ ಹೆಣ್ಣೋ ಹೇಳುವಂತಿರಲಿಲ್ಲ.

ಕಾರಣ ತಿಳಿದದ್ದು ಆಮೇಲೆ, ಕೊಳ್ಳುವ ಮೊದಲೇ ತಿಳಿಯಬೇಕಿತ್ತು. ದೂರದ್ದನ್ನು ಹತ್ತಿರ ಎಳೆಯುವ, ಲೆನ್ಸ್ ಬದಲಿಸಲಾಗದ ಇಂಥ ಸೂಪರ್‌ಜೂಮ್‌ಗಳಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹೆಚ್ಚುಕಡಿಮೆ ಒಂದು ತೊಗರಿ ಕಾಳಿನಷ್ಟು. ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸೆನ್ಸರಿನ ವಿಸ್ತೀರ್ಣ ಇದರ ಸುಮಾರು ಹದಿಮೂರು ಪಟ್ಟು. ಡಬ್ಬಿಯ ಮೇಲೆ 2000 ಮಿ.ಮೀ. ಎಂದು ಬರೆದಿದ್ದರೂ ಅದು ಹಳೆಯ 35 ಮಿ.ಮೀ. ಫಿಲ್ಮಿಗೆ ಹೋಲಿಸಿ ಹೇಳುವ ಲೆಕ್ಕ, ಗಾಜಿನ ನಿಜವಾದ ನಾಭಿದೂರ (ಇದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) 357 ಮಿ.ಮೀ. ಮಾತ್ರ. ಜೂಮ್ ಪೂರ್ತಿ ಎಳೆದಾಗ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಳತೆ, ಎಫ್ 6.5ಕ್ಕೆ ಇಳಿಯುತ್ತದೆ, ಸೆನ್ಸರಿಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ಬಡಿಯುವ ರೆಕ್ಕೆಯನ್ನು ನಿಲ್ಲಿಸಿ ತೋರಿಸಬೇಕಾದರೆ ಶಟರ್ ಸೆಕೆಂಡಿನ 2000ನೇ ಒಂದು ಭಾಗ ಮಾತ್ರ ತೆರೆದಿರಬೇಕು. ಬೆಳಗಿನ ಮಂದ ಬೆಳಕಿನಲ್ಲಿ ಅಷ್ಟು ಕಡಿಮೆ ಹೊತ್ತಿಗೆ ಬೆಳಕು ಸಾಲದು. ಆಗ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ ಏರಿಸುತ್ತದೆ, ಚಿತ್ರದ ತುಂಬ ಚುಕ್ಕೆ ಏಳುತ್ತದೆ, ಚುಕ್ಕೆ ಅಳಿಸಲು ಒಳಗಿನ ತಂತ್ರಾಂಶ ಉಜ್ಜುತ್ತದೆ. ಉಜ್ಜಿದಾಗ ಚುಕ್ಕೆಯ ಜೊತೆ ಗರಿಯೂ ಹೋಗುತ್ತದೆ. ನನ್ನ ಮಿಂಚುಳ್ಳಿಯ ಎದೆಪಟ್ಟಿ ಹೋದದ್ದು ಹಾಗೆ.

ಹಾರುವ ಹಕ್ಕಿಯನ್ನು ಹಿಡಿಯುವುದಂತೂ ಇನ್ನೂ ಕಷ್ಟ. ಪೂರ್ತಿ ಜೂಮಿನಲ್ಲಿ ನೂರು ಮೀಟರ್ ದೂರದ ನೋಟದ ಅಗಲ 1.8 ಮೀಟರ್. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಚೌಕಟ್ಟು ಬಹುಪಾಲು ತುಂಬಿಹೋಗುತ್ತದೆ. ಒಮ್ಮೆ ತಪ್ಪಿದರೆ ಅದು ಎತ್ತ ಹೋಯಿತೆಂದು ತಿಳಿಯುವುದಿಲ್ಲ.

ಇನ್ನೊಂದು ಮಾತು. ಕೊಂಡಜ್ಜಿ ಕೆರೆಯಲ್ಲಿ ಹನ್ನೊಂದು ಗಂಟೆಯ ಮೇಲೆ, ಬೆಳಕು ಬೇಕಾದಷ್ಟು ಇದ್ದಾಗಲೂ, ದೂರದ ಹಕ್ಕಿಗಳು ಅಲೆಯಲೆಯಾಗಿ ಬಂದವು. ಅದು ಬಿಸಿಲ ಝಳ. ಕಾದ ನೆಲದಿಂದ ಏಳುವ ಗಾಳಿ ನೋಟವನ್ನೇ ಕದಡುತ್ತದೆ, ಐದು ಲಕ್ಷದ ಲೆನ್ಸ್ ಇದ್ದರೂ ಅದನ್ನು ದಾಟಲಾಗದು. ಆದ್ದರಿಂದ 83 ಎಕ್ಸ್ ಆಗಲಿ 125 ಎಕ್ಸ್ ಆಗಲಿ, ದೂರ ಎಳೆಯುವ ಶಕ್ತಿಗೆ ನಮ್ಮ ಬಯಲುಸೀಮೆಯ ಗಾಳಿಯೇ ಒಂದು ಗಡಿ ಹಾಕಿದೆ.

ಬೇಸರದಲ್ಲಿ ಅದನ್ನು 17 ಸಾವಿರಕ್ಕೆ ಮಾರಿದೆ. ಆಮೇಲೆ ಮಾಡಿದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. "ಡಿಎಸ್‌ಎಲ್‌ಆರ್ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ" ಎಂದು ಯಾರೋ ಹೇಳಿದ್ದನ್ನು ನಂಬಿ, ಬೇರೊಂದು ಅಂಗಡಿಯಲ್ಲಿ 46 ಸಾವಿರಕ್ಕೆ ಲೆನ್ಸ್ ಬದಲಿಸುವ ಆ ಬಗೆಯ ಕ್ಯಾಮೆರಾ, ಎರಡು ಲೆನ್ಸಿನ ಸೆಟ್ ಕೊಂಡೆ. ಒಂದು 18-55 ಮಿ.ಮೀ., ಇನ್ನೊಂದು 70-300 ಮಿ.ಮೀ. ಸೆನ್ಸರ್ ದೊಡ್ಡದು, ನಿಜ. ಆದರೆ ದೊಡ್ಡ ಸೆನ್ಸರಿನಲ್ಲಿ ಹಕ್ಕಿಗೆ 300 ಮಿ.ಮೀ. ತೀರಾ ಕಡಿಮೆ. ಕೆರೆಯ ನಡುವೆ ನೂರೈವತ್ತು ಮೀಟರ್ ದೂರದಲ್ಲಿ ಕುಳಿತ ಚುಕ್ಕೆ ಕೊಕ್ಕಿನ ಬಾತು ಚಿತ್ರದ ಅಗಲದಲ್ಲಿ ಇಪ್ಪತ್ತನೇ ಒಂದು ಪಾಲು ಬಂತು. ಸಾಲದ್ದಕ್ಕೆ ಆ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆಯೇ ಇರಲಿಲ್ಲ. ನೋಡಲು ಒಂದೇ ಥರ ಇರುವ ಎರಡು ಬಗೆಯ 70-300 ಇರುತ್ತವೆ, ಸೆಟ್ಟಿನಲ್ಲಿ ಹಾಕಿ ಕೊಡುವುದು ಹಲವು ಸಲ ಅಗ್ಗದ್ದನ್ನೇ. ಈ ವ್ಯವಸ್ಥೆಯನ್ನು ನಿಕಾನ್ ವಿಆರ್ ಎಂದೂ ಕ್ಯಾನನ್ ಐಎಸ್ ಎಂದೂ ಸಿಗ್ಮಾ ಓಎಸ್ ಎಂದೂ ಟ್ಯಾಮ್ರಾನ್ ವಿಸಿ ಎಂದೂ ಬರೆಯುತ್ತವೆ. ಆ ಅಕ್ಷರಗಳು ಲೆನ್ಸಿನ ಮೇಲೆ ಇವೆಯೇ ಎಂದು ದುಡ್ಡು ಕೊಡುವ ಮೊದಲು ನಿಮ್ಮ ಕಣ್ಣಿನಿಂದಲೇ ನೋಡಿ.

ದೂರ ಸಾಲದು ಎಂದು ಹೇಳಿಕೊಂಡು ಹೋದಾಗ ಅದೇ ಅಂಗಡಿಯವರು ಲೆನ್ಸಿನ ಮುಂಭಾಗಕ್ಕೆ ತಿರುಪುವ ಒಂದು ಗಾಜನ್ನು 2,500ಕ್ಕೆ ಕೊಟ್ಟರು, "ಡಬಲ್ ಆಗುತ್ತದೆ ಸರ್" ಎಂದು. ದಯವಿಟ್ಟು ಇದನ್ನು ಯಾರೂ ಕೊಳ್ಳಬೇಡಿ. ಬೆಳ್ಳಕ್ಕಿಯ ಅಂಚಿನ ಸುತ್ತ ನೇರಳೆ ಗೆರೆ ಬಂತು, ಚೌಕಟ್ಟಿನ ಮೂಲೆಗಳು ಮಸಿ ಬಳಿದಂತೆ ಕಪ್ಪಾದವು. ದೂರ ಹೆಚ್ಚಿಸುವ ನಿಜವಾದ ಗಾಜು, ಅಂದರೆ ಟೆಲಿಕನ್ವರ್ಟರ್, ಕೂರುವುದು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ. ಅದು ಕೂಡ ದೂರವನ್ನು ಎರಡು ಪಟ್ಟು ಮಾಡಿದರೆ ಬೆಳಕನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಅಗ್ಗದ 300ರ ಲೆನ್ಸಿಗೆ ಅದನ್ನು ಹಾಕಿದರೆ ಆಟೋಫೋಕಸ್ ನಿಂತೇಹೋಗುವ ಸಾಧ್ಯತೆ ಹೆಚ್ಚು.

ಕೊನೆಗೆ ಬುದ್ಧಿ ಬಂದದ್ದು 150-600ರ ಲೆನ್ಸೊಂದನ್ನು ಬೆಂಗಳೂರಿನಿಂದ ಎರಡು ದಿನಕ್ಕೆ ಬಾಡಿಗೆಗೆ ತಂದಾಗ. ಅದೇ ಕುಂದವಾಡ, ಅದೇ ಬೆಳಗು, ಮಿಂಚುಳ್ಳಿ ಮಾತ್ರ ಬೇರೆ. ಎರಡು ಪಟ್ಟಿ ಸ್ಪಷ್ಟವಾಗಿ ಬಂದವು: ಮೇಲಿನದು ಅಗಲ, ಕೆಳಗಿನದು ಸಣ್ಣ ಗೆರೆ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆಯೂ ಇತ್ತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಆದರೆ ಲೆನ್ಸ್ ಒಂದೇ ಸುಮಾರು ಎರಡು ಕೆ.ಜಿ. ಕೆರೆಯ ಸುತ್ತು ಮುಗಿಸುವಷ್ಟರಲ್ಲಿ ಹೆಗಲು ಬಿದ್ದುಹೋದಂತಾಯಿತು. ಈ ಭಾರವನ್ನೂ ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಬೇಕು. ನಾನು ಹೊತ್ತೇನು ಎಂದು ತೀರ್ಮಾನಿಸಿ, 70-300 ಮಾರಿ, ಅಂಥದೇ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಸ್ಟು, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನಾನು ನೋಡಿದ ಮೊದಲ ಲೆನ್ಸಿನಲ್ಲಿ ಅದು ತುಂಬಿತ್ತು.

ಇಷ್ಟೆಲ್ಲ ಹೇಳಿ ಸೂಪರ್‌ಜೂಮ್ ಕೆಟ್ಟದ್ದು ಎಂದರೆ ಅನ್ಯಾಯವಾದೀತು. ಕೊಂಡಜ್ಜಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರ ಕೈಯಲ್ಲಿ ನಾನು ಮಾರಿದಂಥದೇ ಕ್ಯಾಮೆರಾ ಇದೆ. ಒಂದು ಕೆ.ಜಿ.ಯೂ ಇಲ್ಲದ್ದನ್ನು ಕೊರಳಿಗೆ ಹಾಕಿಕೊಂಡು ಗುಡ್ಡವೆಲ್ಲ ತಿರುಗುತ್ತಾರೆ. ಎಂಟು ಗಂಟೆಯ ಮೇಲೆ ಬರುತ್ತಾರೆ, ಕುಳಿತ ಹಕ್ಕಿಯನ್ನಷ್ಟೇ ತೆಗೆಯುತ್ತಾರೆ, ಚಿತ್ರ ನೋಡಿ ಹಕ್ಕಿ ಯಾವುದೆಂದು ಗುರುತಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಇಲ್ಲ ಎಂದೇ ನನ್ನ ನಂಬಿಕೆ. ನನಗೆ ಬೇಕಾದದ್ದು ಬೇರೆ. ಅದನ್ನು ಅಂಗಡಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಆ ಹುಡುಗನಿಗೆ ಒಂದೇ ಕೆಲಸ ಹೇಳಿದೆ. ನಿನ್ನದೇ ಮೆಮೊರಿ ಕಾರ್ಡ್ ತೆಗೆದುಕೊಂಡು ಸಂಜೆ ಆರರ ಮೇಲೆ ಅಂಗಡಿಗೆ ಹೋಗು, ಬೋರ್ಡಿನ ಕಡೆ ತಿರುಗಲೇಬೇಡ, ಬೇವಿನ ಮರಕ್ಕೆ ಬಂದು ಕೂರುವ ಕಾಗೆಯನ್ನು ತೆಗೆ, ಬಿಲ್ಲಿನ ಜೊತೆ ನಮ್ಮ ದೇಶದಲ್ಲಿ ನಡೆಯುವ ವಾರಂಟಿ ಕಾರ್ಡ್ ಇದೆಯೇ ಎಂದೂ ಕೇಳು ಎಂದೆ. ಮರುದಿನವೇ ಹೋದ. ಅಂಗಡಿಯವರು ತೆಗೆಯಲು ಬಿಟ್ಟರಂತೆ, ಮುಂಗಡವನ್ನು ತಿಂಗಳ ಕೊನೆಯವರೆಗೆ ಹಾಗೆಯೇ ಇಟ್ಟುಕೊಳ್ಳಲೂ ಒಪ್ಪಿದರಂತೆ. ರಾತ್ರಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಚಿತ್ರಗಳನ್ನು ತೆರೆದೆವು. ಕಾಗೆಯ ಕೊರಳಿನ ಬೂದುಬಣ್ಣ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ ಎಂದು ಅವನು ಪರದೆಗೆ ಮುಖ ಹತ್ತಿರ ಮಾಡಿ ಹುಡುಕಿದ. ಬಹಳ ಹೊತ್ತು ಸುಮ್ಮನಿದ್ದು, "ಅಣ್ಣ, ಆ ಮೇಷ್ಟ್ರು ಈ ಭಾನುವಾರವೂ ಕೊಂಡಜ್ಜಿಗೆ ಬರುತ್ತಾರಾ?" ಎಂದು ಕೇಳಿದ.