ಎರಡು ದಿನದ ಹಾಸ್ಪಿಟಲ್ ಫಾರ್ಮಸಿ ತರಬೇತಿ: ಎರಡನೇ ದಿನಕ್ಕಾಗಿ ಹೋಗಿ

ಸರ್ಟಿಫಿಕೇಟ್ ಇನ್ನೂ ಕವರಿನಲ್ಲೇ ಇದೆ. ಅವರು ಕೊಟ್ಟ ಪುಸ್ತಿಕೆಯ ಏಳನೇ ಪುಟವನ್ನು ಮಾತ್ರ ಹರಿದು, ಲ್ಯಾಮಿನೇಷನ್ ಮಾಡಿಸಿ, ನಮ್ಮ ಫಾರ್ಮಸಿಯ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಯಾವ ಇಂಜೆಕ್ಷನ್ ಯಾವ ಬಾಟಲಿಗೆ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವ ಪಟ್ಟಿ ಅದು. ಕಟ್ಟಿದ 3,500 ರೂಪಾಯಿಯಲ್ಲಿ ಎರಡು ಸಾವಿರ ಆ ಒಂದು ಪುಟಕ್ಕೇ ಹೋಯಿತು ಅಂತ ನನ್ನ ಲೆಕ್ಕ.

ನಾನು ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮುಗಿಸಿ 14 ವರ್ಷ ಆಯಿತು. ಹಾಸನದಲ್ಲಿ 80 ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ನಾಲ್ಕು ಜನ ಫಾರ್ಮಸಿಸ್ಟರು, ಮೂರು ಶಿಫ್ಟ್. ಹೊರಗಿನ ಕಿಟಕಿಯಲ್ಲಿ ಓಪಿಡಿ ಜನ, ಒಳಗಿನ ಕಿಟಕಿಯಲ್ಲಿ ವಾರ್ಡಿನ ಇಂಡೆಂಟ್, ಅಂದರೆ ಔಷಧಿ ಬೇಕು ಅಂತ ಬರುವ ಚೀಟಿ. ಇಷ್ಟು ವರ್ಷದಲ್ಲಿ ರೋಗಿಯ ಮಂಚದ ಹತ್ತಿರ ನಾನು ಹೋಗಿದ್ದು ನಮ್ಮತ್ತೆ ಅಡ್ಮಿಟ್ ಆಗಿದ್ದಾಗ ಮಾತ್ರ.

ತರಬೇತಿ ನಡೆದದ್ದು ಮೈಸೂರಿನಲ್ಲಿ, ಶನಿವಾರ ಮತ್ತು ಭಾನುವಾರ. ಸುಮಾರು 40 ಜನ ಇದ್ದೆವು. ನಡೆಸಿದವರ ಹೆಸರು ಬರೆಯುವುದಿಲ್ಲ. ತಕರಾರುಗಳನ್ನು ಅವರಿಗೇ ಮೇಲ್ ಮಾಡಿದ್ದೇನೆ, ಸರಿಮಾಡುತ್ತೇವೆ ಅಂದಿದ್ದಾರೆ. ಇಂಥ ತರಬೇತಿಗಳು ಅಲ್ಲಲ್ಲಿ ನಡೆಯುತ್ತಲೇ ಇರುತ್ತವೆ. ದುಡ್ಡು ಕಟ್ಟುವ ಮುಂಚೆ ಏನು ಕೇಳಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ಹೋಗುವುದಕ್ಕೆ ಒಂದು ಕಾರಣ ಕಾನೂನು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದ ಪ್ರಕಾರ ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್ ಮಾಡಿರಬೇಕು, ಒಂದೊಂದೂ ಕನಿಷ್ಠ ಒಂದು ದಿನದ್ದು. ಇನ್ನೊಂದು ಕಾರಣ ಒಂದು ರಾತ್ರಿ. ಹೋದ ವರ್ಷ, ರಾತ್ರಿ ಎರಡೂವರೆ. ಐಸಿಯುನಿಂದ ಡೊಬುಟಮಿನ್ ಇಂಡೆಂಟ್ ಬಂತು. ನಾನು ಡೋಪಮಿನ್ ಕೊಟ್ಟು ಕಳಿಸಿದೆ. ಎರಡೂ ಹೃದಯ, ಬಿಪಿಗೆ ಕೊಡುವ ಇಂಜೆಕ್ಷನ್, ಆದರೆ ಬೇರೆ ಬೇರೆ ಔಷಧಿ. ಇದ್ದದ್ದು ಒಂದೇ ಕಪಾಟಿನಲ್ಲಿ, ಅಕ್ಷರದ ಪ್ರಕಾರ ಅಕ್ಕಪಕ್ಕ. ಸಿರಿಂಜಿಗೆ ಎಳೆಯುವ ಮುಂಚೆ ಸಿಸ್ಟರ್ ಹೆಸರು ಓದಿದ್ದರಿಂದ ಬಚಾವ್. ವಾಪಸ್ ತಂದು ಕೌಂಟರಿನ ಮೇಲೆ ಇಟ್ಟು, ಒಂದು ಮಾತೂ ಆಡದೆ ಸರಿಯಾದದ್ದನ್ನು ತಗೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಬೆಳಗಿನವರೆಗೂ ಕೈ ನಡುಗುತ್ತಿತ್ತು.

ಶನಿವಾರ ಬೆಳಗಿನ ಜಾವ ನಾಲ್ಕೂವರೆ ಬಸ್ಸಿಗೆ ಹೊರಟೆ. ಹೊಳೆನರಸೀಪುರ ದಾಟುವವರೆಗೂ ನಿದ್ದೆ.

ಮೊದಲ ದಿನದ ಬಗ್ಗೆ ಬರೆಯುವುದಕ್ಕೆ ಜಾಸ್ತಿ ಇಲ್ಲ. ದೀಪ ಬೆಳಗುವುದು, ಹಾರ, ಮೊಮೆಂಟೊ ಅಂತ ಹನ್ನೊಂದೂವರೆ ಆಯಿತು. ಆಮೇಲೆ 1948ರ ಫಾರ್ಮಸಿ ಕಾಯ್ದೆ, ಅದನ್ನು ಸ್ಲೈಡಿನಲ್ಲಿ ಇದ್ದಂತೆಯೇ ಓದಿದರು. ಆಮೇಲೆ ಶೆಡ್ಯೂಲ್ ಎಚ್1, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ, ಕೊಟ್ಟದ್ದನ್ನು ಬರೆದಿಡಬೇಕಾದ ಔಷಧಿಗಳ ಪಟ್ಟಿ. ಅದು 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಬೇರೆ ರಿಜಿಸ್ಟರ್ ಇಡಬೇಕು, ಮೂರು ವರ್ಷ ಕಾಪಾಡಬೇಕು ಅಂತ ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತು, ದಿನಾ ಬರೆಯುವವರೇ ನಾವಲ್ವಾ? ಒಂದು ಗಂಟೆ ಅದರಲ್ಲೇ ಹೋಯಿತು. ಮಧ್ಯಾಹ್ನ ಒಂದು ಕಂಪನಿಯವರು ಸ್ಟಾಲ್ ಹಾಕಿ ಪೆನ್ನು ಹಂಚಿದರು. ಊಟ ಮಾತ್ರ ಚೆನ್ನಾಗಿತ್ತು, ಬಿಸಿಬೇಳೆಬಾತಿಗೆ ಖಾರಾಬೂಂದಿ ಕೇಳಿದಷ್ಟು ಹಾಕಿದರು. ಸಂಜೆ ನನ್ನ ಪಕ್ಕದಲ್ಲಿ ಕೂತಿದ್ದ ಮಂಡ್ಯದವರು, "ನಾಳೆ ಬರಲ್ಲ ಕಣಮ್ಮ, ಸರ್ಟಿಫಿಕೇಟ್ ನೀನೇ ತಗೊಂಡ್ಬಿಡು" ಅಂದರು. ಬಂದರು ಪುಣ್ಯಕ್ಕೆ.

ಭಾನುವಾರ ನಮ್ಮನ್ನು ಎಂಟೆಂಟು ಜನರ ಗುಂಪು ಮಾಡಿದರು. ನಮ್ಮ ಗುಂಪಿಗೆ ಕಲಿಸಲು ಬಂದವಳು ಒಬ್ಬ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಹುಡುಗಿ. ಒಂದು ದೊಡ್ಡ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ನಾನು ಓದುವಾಗ ಫಾರ್ಮ್.ಡಿ ಇನ್ನೂ ಹೊಸದು, 2008ರಲ್ಲಷ್ಟೇ ನಮ್ಮ ದೇಶದಲ್ಲಿ ಶುರುವಾಗಿತ್ತು. ಆರು ವರ್ಷ ಓದಿ ಮಾತ್ರೆ ಎಣಿಸೋದಕ್ಕಾ ಅಂತ ನಾವೆಲ್ಲ ನಗುತ್ತಿದ್ದೆವು. ಆ ನಗು ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ನಿಂತಿತು.

ಅವಳು ಸ್ಲೈಡ್ ಹಾಕಲಿಲ್ಲ. ಹೆಸರು ಮುಚ್ಚಿದ ಕೇಸ್ ಶೀಟ್ ಒಂದನ್ನು ಎಲ್ಲರ ಕೈಗೂ ಕೊಟ್ಟಳು. 72 ವರ್ಷದ ಅಜ್ಜಿ, ತೂಕ 42 ಕೆಜಿ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಎನಾಕ್ಸಪ್ಯಾರಿನ್ 40 ಮಿಲಿಗ್ರಾಂ ದಿನಕ್ಕೆ ಎರಡು ಸಲ. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.4. "ಏನಾದ್ರೂ ಕಾಣ್ತಿದೆಯಾ?" ಅಂದಳು. ಯಾರಿಗೂ ಏನೂ ಕಾಣಲಿಲ್ಲ. 1.4 ಅಂದರೆ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ?

ಲೆಕ್ಕ ಹಾಕಿಸಿದಳು. ಕಾಕ್‌ಕ್ರಾಫ್ಟ್ ಗಾಲ್ಟ್ ಸೂತ್ರ, 1976ರದ್ದು, ಕಿಡ್ನಿಯ ಕ್ಲಿಯರೆನ್ಸ್ ಅಂದರೆ ಶುದ್ಧಿ ಮಾಡುವ ವೇಗವನ್ನು ಅಂದಾಜು ಮಾಡುವುದಕ್ಕೆ. ನಾವೂ ಡಿಪ್ಲೊಮಾದಲ್ಲಿ ಹೆಸರು ಕೇಳಿ ಮರೆತದ್ದು. 140ರಲ್ಲಿ ವಯಸ್ಸು ಕಳೆದರೆ 68. ಅದನ್ನು ತೂಕ 42ರಿಂದ ಗುಣಿಸಿದರೆ 2856. ಕೆಳಗೆ 72 (ಇದು ವಯಸ್ಸಲ್ಲ, ಸೂತ್ರದಲ್ಲೇ ಇರುವ ಅಂಕಿ) ಗುಣಿಸು ಕ್ರಿಯಾಟಿನಿನ್ 1.4, ಅಂದರೆ 100.8. ಭಾಗಿಸಿದರೆ 28 ಚಿಲ್ಲರೆ. ಹೆಂಗಸಾದ್ದರಿಂದ 0.85ರಿಂದ ಗುಣಿಸಬೇಕು. ಬಂದದ್ದು 24. ಅಜ್ಜಿಯ ಕಿಡ್ನಿ ನಿಮಿಷಕ್ಕೆ 24 ಮಿಲಿಲೀಟರ್ ಮಾತ್ರ ಶುದ್ಧಿ ಮಾಡುತ್ತಿದೆ. 30ಕ್ಕಿಂತ ಕಡಿಮೆ ಇದ್ದರೆ ಈ ಔಷಧಿ ದಿನಕ್ಕೆ ಒಂದೇ ಸಲ. ಇಲ್ಲದಿದ್ದರೆ ಮೈಯಲ್ಲೇ ಉಳಿಯುತ್ತಾ ಹೋಗಿ ರಕ್ತಸ್ರಾವ ಆಗಬಹುದು. ಮಾಂಸಖಂಡ ಕರಗಿದ ಸಣ್ಣ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ರಿಪೋರ್ಟಿನಲ್ಲಿ ಆ ಅಂಕಿ ಸಾಧುವಾಗಿ ಕಾಣುತ್ತದೆ ಅಂತ ಹೇಳಿಕೊಟ್ಟಳು. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಅಜ್ಜಿಯರ ಇಂಡೆಂಟ್ ಕಣ್ಣುಮುಚ್ಚಿ ಪಾಸ್ ಮಾಡಿದ್ದೇನೋ ಅಂತ ಹೊಟ್ಟೆಯಲ್ಲಿ ಒಂಥರಾ ಆಯಿತು.

ಆಗ ಮಂಡ್ಯದವರು ಕೇಳಿದ ಪ್ರಶ್ನೆ ನಮ್ಮೆಲ್ಲರದ್ದೂ ಆಗಿತ್ತು. "ಮೇಡಂ, ಲೆಕ್ಕ ಹಾಕಬಹುದು. ಡಾಕ್ಟರಿಗೆ ಹೇಳೋದು ಹೆಂಗೆ? ನಿನ್ನ ಕೆಲಸ ನೀನು ನೋಡ್ಕೊ ಅಂತಾರೆ."

"ತಪ್ಪು ಅನ್ನೋ ಮಾತು ಬಾಯಲ್ಲಿ ಬರಬಾರದು ಸರ್," ಅಂದಳು. "ಮೊದಲು ಅಂಕಿ ಹೇಳಿ, ಆಮೇಲೆ ಕೇಳಿ. ಸರ್, ಬೆಡ್ ಆರರ ಅಜ್ಜಿ ಕ್ಲಿಯರೆನ್ಸ್ 24 ಬರ್ತಿದೆ, ಎನಾಕ್ಸಪ್ಯಾರಿನ್ ದಿನಕ್ಕೆ ಒಂದೇ ಸಲ ಕಳಿಸಲಾ? ಅಷ್ಟೇ. ಹೇಳಿ ಸುಮ್ನಾಗಿ." ಆಮೇಲೆ ನಮ್ಮಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಬ್ಬರನ್ನು ಡಾಕ್ಟರ್ ಮಾಡಿ ಅಭ್ಯಾಸ ಮಾಡಿಸಿದಳು. ಮಂಡ್ಯದವರು ಡಾಕ್ಟರ್ ಆಗಿ ನನ್ನನ್ನು ಎಷ್ಟು ಬೈದರೆಂದರೆ, ನಿಜವಾದ ಡಾಕ್ಟರುಗಳೇ ವಾಸಿ.

ಮುಂದಿನದು ಏಳನೇ ಪುಟ. ಎರಡು ಗಾಜಿನ ಲೋಟ ಇಟ್ಟಳು. ಒಂದರಲ್ಲಿ ನಾರ್ಮಲ್ ಸಲೈನ್, ಇನ್ನೊಂದರಲ್ಲಿ ಸಕ್ಕರೆ ದ್ರಾವಣ, ಅಂದರೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್. ಎರಡಕ್ಕೂ ಫಿಟ್ಸಿಗೆ ಕೊಡುವ ಫೆನಿಟಾಯಿನ್ ಹಾಕಿದಳು. ಸಲೈನ್ ತಿಳಿಯಾಗೇ ಇತ್ತು. ಡೆಕ್ಸ್‌ಟ್ರೋಸ್ ಸ್ವಲ್ಪ ಹೊತ್ತಿಗೆ ನೀರಿಗೆ ಮಜ್ಜಿಗೆ ಬೆರೆಸಿದ ಹಾಗೆ ಮಸುಕಾಯಿತು. ಫೆನಿಟಾಯಿನ್ ಕರಗಿ ನಿಲ್ಲುವುದು ಜೋರು ಕ್ಷಾರದಲ್ಲಿ ಮಾತ್ರ. ಡೆಕ್ಸ್‌ಟ್ರೋಸ್ ಸ್ವಲ್ಪ ಆಮ್ಲೀಯ, ಅದರಲ್ಲಿ ಹರಳುಗಟ್ಟುತ್ತದೆ. ಆ ಹರಳು ರಕ್ತನಾಳಕ್ಕೆ ಹೋದರೆ? ಫಂಗಸ್ ಸೋಂಕಿಗೆ ಕೊಡುವ ಆಂಫೊಟೆರಿಸಿನ್ ಇದಕ್ಕೆ ಪೂರಾ ಉಲ್ಟಾ, ಡೆಕ್ಸ್‌ಟ್ರೋಸಿನಲ್ಲೇ ಹಾಕಬೇಕು, ಸಲೈನ್ ಮುಟ್ಟಿಸಬಾರದು. ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ನಿಮಿಷಕ್ಕೆ 10 ಮಿಲಿಗ್ರಾಂ ಮೀರಬಾರದು, ಅಂದರೆ 1 ಗ್ರಾಂಗೆ 100 ನಿಮಿಷ. ಪೊಟ್ಯಾಸಿಯಮ್ ಕ್ಲೋರೈಡಿನ 10 ಮಿಲಿ ಆಂಪೂಲಿನಲ್ಲಿ 20 ಮಿಲಿಇಕ್ವಿವಲೆಂಟ್ ಇರುತ್ತದೆ. ಅದನ್ನು ಯಾವ ಕಾರಣಕ್ಕೂ ನೇರ ನಾಳಕ್ಕೆ ಚುಚ್ಚಬಾರದು, ಹೃದಯ ನಿಲ್ಲುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ಆಂಪೂಲಿನ ತಮ್ಮನ ಹಾಗೇ ಇರುವುದರಿಂದ ಜನರಲ್ ವಾರ್ಡಿನ ಟ್ರಾಲಿಯಲ್ಲಿ ಇಡಲೇಬಾರದು ಅಂದಳು.

ಇನ್ಸುಲಿನ್ ಸಿರಿಂಜ್ ಕೂಡ ಕೈಗೆ ಕೊಟ್ಟಳು. ಕೆಂಪು ಮುಚ್ಚಳದ್ದು ಯು-40, ಅಂದರೆ ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು ಯು-100, ಅಂದರೆ ಮಿಲಿಗೆ 100 ಯೂನಿಟ್ ಇರುವುದಕ್ಕೆ. ಯು-100 ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಇದು ಕೌಂಟರಿನಲ್ಲಿ ನಮ್ಮ ಕೈಯಿಂದಲೇ ತಪ್ಪುವ ವಿಷಯ, ವಾರ್ಡಿನವರ ಮೇಲೆ ಹಾಕುವಂತಿಲ್ಲ.

ಮಧ್ಯಾಹ್ನದ ಮೇಲೆ ರೋಗಿಗೆ ಔಷಧಿ ವಿವರಿಸುವ ಕ್ಲಾಸು. ಇದು ಅರ್ಧಂಬರ್ಧ. ಹೇಳಿಕೊಟ್ಟವರು ಅನುಭವಸ್ಥರು, ಆದರೆ ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ರೋಗಿಗಳು ಇಂಗ್ಲಿಷಿನಲ್ಲಿ ಕೇಳುತ್ತಾರಾ? ಇನ್‌ಹೇಲರ್ ತೋರಿಸಲು 40 ಜನಕ್ಕೆ ಒಂದೇ ಡಮ್ಮಿ ಇತ್ತು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದೆವು. ಕೊನೆಗೆ ನಾವೇ ಅನುಭವ ಹೇಳಿಕೊಂಡಾಗ ಕ್ಲಾಸು ರಂಗೇರಿತು. ಯಂತ್ರದಲ್ಲಿ ಹಾಕಿ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ರೋಟಾಕ್ಯಾಪನ್ನು ನುಂಗಿ, "ಗುಳಿಗೆ ತಗೊಂಡೆ, ದಮ್ಮು ಕಮ್ಮಿ ಆಗ್ಲಿಲ್ಲ" ಅಂತ ಬಂದ ಸಕಲೇಶಪುರದ ಕಡೆಯ ತಾತನ ಕತೆ ನಾನು ಹೇಳಿದೆ. ಮೆಥೊಟ್ರೆಕ್ಸೇಟ್ ಬಗ್ಗೆ ಇನ್ನೊಬ್ಬರು ಹೇಳಿದ್ದು ಎದೆಗೆ ನಾಟಿತು. ಸಂಧಿವಾತಕ್ಕೆ ಅದು ವಾರಕ್ಕೊಂದೇ ಸಲ. ಅದೂ ಹಳದಿ, ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಕೂಡ ಎಷ್ಟೋ ಸಲ ಹಳದಿ, ಅದಲುಬದಲಾಗಿ ದಿನಾ ನುಂಗಿಬಿಟ್ಟರೆ ಅಪಾಯ. ಅವರು ಕವರಿನ ಮೇಲೆ "ವಾರಕ್ಕೊಮ್ಮೆ" ಅಂತ ಬರೆಯುವುದನ್ನು ಬಿಟ್ಟು ವಾರದ ಹೆಸರನ್ನೇ ಬರೆಯುತ್ತಾರಂತೆ: "ಭಾನುವಾರ ಮಾತ್ರ". ಮನೆಗೆ ಬಂದ ಮಾರನೇ ದಿನವೇ ನಾನೂ ಶುರು ಮಾಡಿದೆ.

ಈಗ ತಕರಾರು. ಕೊನೆಗೆ ಒಂದು ಪರೀಕ್ಷೆ ಇತ್ತು, 20 ಪ್ರಶ್ನೆ. ಉತ್ತರವನ್ನು ಮೈಕಿನಲ್ಲೇ ಹೇಳಿಬಿಟ್ಟರು, ಬಸ್ಸಿಗೆ ಹೊತ್ತಾಗುತ್ತದೆ ಅಂತ. ನಮಗೆ ಅವಮಾನ ಮಾಡಿದ ಹಾಗೆ ಅನ್ನಿಸಿತು. ನಾವೇನು ಕಾಪಿ ಹೊಡೆಯೋಕೆ ಬಂದಿದ್ದೆವಾ? ಫೋನಿನಲ್ಲಿ ವಿಚಾರಿಸಿದಾಗ "ಎರಡು ದಿನ ಅಂದ್ರೆ ಎರಡು ಕೋರ್ಸ್ ಲೆಕ್ಕ ಬರುತ್ತೆ" ಅಂದಿದ್ದರು. ಕೈಗೆ ಬಂದದ್ದು ಒಂದೇ ಸರ್ಟಿಫಿಕೇಟ್, ಒಂದೇ ಕೋರ್ಸ್ ಅಂತ. ನವೀಕರಣಕ್ಕಾಗಿ ಹೋಗುವವರು ಈ ಒಂದು ವಿಷಯವನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಇನ್ನೊಂದು, ಇಡೀ ತರಬೇತಿ ದೊಡ್ಡ ಆಸ್ಪತ್ರೆಯ ಕಣ್ಣಿನಿಂದಲೇ ಇತ್ತು. ರಾತ್ರಿ ಕರೆಂಟ್ ಹೋಗಿ ಫ್ರಿಜ್ 2ರಿಂದ 8 ಡಿಗ್ರಿ ಒಳಗೆ ನಿಲ್ಲದಿದ್ದರೆ ಏನು ಮಾಡಬೇಕು ಅಂತ ಕೇಳಿದೆ. "ಡೇಟಾ ಲಾಗರ್ ಹಾಕಿಸಿ" ಅಂದರು. ಲಾಗರ್ ಬರೆದುಕೊಳ್ಳುತ್ತದೆ, ತಣ್ಣಗೆ ಮಾಡುತ್ತದಾ?

ಬಂದು ಮೂರು ತಿಂಗಳಾಯಿತು. ಡೋಪಮಿನ್ ಕೆಳಗಿನ ಕಪಾಟಿಗೆ ಹೋಗಿದೆ, ಕೆಂಪು ಸ್ಟಿಕ್ಕರ್ ಸಮೇತ. ಪೊಟ್ಯಾಸಿಯಮ್ ಆಂಪೂಲನ್ನು ಜನರಲ್ ವಾರ್ಡಿನಿಂದ ವಾಪಸ್ ತರಿಸಲು ಮ್ಯಾಟ್ರನ್ ಜೊತೆ ಎರಡು ವಾರ ಗುದ್ದಾಡಿದೆ. "ಎಮರ್ಜೆನ್ಸಿಗೆ ನಿಮ್ಮ ಹತ್ರ ಓಡಿ ಬರ್ಬೇಕಾ?" ಅಂದರು. ಈಗ ಐಸಿಯುನಲ್ಲಿ ಬೀಗದ ಡಬ್ಬಿಯಲ್ಲಿ ಹತ್ತು, ಉಳಿದದ್ದು ನನ್ನ ಹತ್ತಿರ. ಡಾಕ್ಟರುಗಳಿಗೆ ಮಾಡಿದ ಫೋನುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಇವತ್ತಿಗೆ 19. ಹನ್ನೆರಡು ಸಲ ಡೋಸ್ ಬದಲಾಯಿತು. ಐದು ಸಲ "ನೋಡೋಣ" ಅಂದರು. ಎರಡು ಸಲ ತಪ್ಪು ನನ್ನದೇ. ಅದರಲ್ಲಿ ಒಂದು ಸಲ ಹಳೇ ತೂಕ ಹಾಕಿ ಲೆಕ್ಕ ಮಾಡಿದ್ದೆ. ಹಿರಿಯ ಫಿಸಿಷಿಯನ್ ಒಬ್ಬರು ಮೊದಲ ಫೋನಿಗೆ "ಯಾರಮ್ಮ ನೀನು?" ಅಂದವರು, ಮೊನ್ನೆ ಅವರೇ ಕರೆದು "ಆ ಕ್ಲಿಯರೆನ್ಸ್ ಎಷ್ಟು ಬರುತ್ತೆ ನೋಡಮ್ಮ" ಅಂದರು.

ಔಷಧಿಯ ಅಡ್ಡಪರಿಣಾಮ ವರದಿ ಮಾಡುವ ಫಾರ್ಮನ್ನು ಜೀವನದಲ್ಲಿ ಮೊದಲ ಸಲ ತುಂಬಿದ್ದೂ ಈ ತರಬೇತಿಯ ದೆಸೆಯಿಂದಲೇ. ವ್ಯಾಂಕೊಮೈಸಿನ್ ಬೇಗ ಓಡಿಸಿ ಒಬ್ಬ ಹುಡುಗನ ಮುಖ, ಕುತ್ತಿಗೆ ಕೆಂಪಗಾಗಿತ್ತು. ಇಂಥ ವರದಿಗಳನ್ನು ಕಲೆಹಾಕುವ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ ನಡೆಯುವುದು ಗಾಜಿಯಾಬಾದಿನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ನಿನಿಂದ. 1800-180-3024 ಉಚಿತ ನಂಬರ್. ಡಾಕ್ಟರೇ ತುಂಬಬೇಕು ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಫಾರ್ಮಸಿಸ್ಟ್, ಸಿಸ್ಟರ್, ರೋಗಿ ಯಾರು ಬೇಕಾದರೂ ಕಳಿಸಬಹುದು.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಮೂರು ಭಾನುವಾರ ಬೆಳಿಗ್ಗೆಗೆ, ಅರ್ಧ ಬಿಸಿಬೇಳೆಬಾತಿಗೆ. ಹೋಗುವವರು ಸೂತ್ರದ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಒಯ್ಯಿರಿ. ನಿಮ್ಮದೇ ಆಸ್ಪತ್ರೆಯ ಎರಡು ಮೂರು ಕೇಸನ್ನು ಹೆಸರಿಲ್ಲದೆ ಬರೆದುಕೊಂಡು ಹೋಗಿ, ಅವಳಂಥವರು ಸಿಕ್ಕರೆ ಊಟದ ಹೊತ್ತಿನಲ್ಲಿ ಕೂತು ಬಿಡಿಸಿಕೊಡುತ್ತಾರೆ. ಮುಂದಿನ ಬ್ಯಾಚಿಗೆ ನಮ್ಮ ನೈಟ್ ಡ್ಯೂಟಿ ಹುಡುಗನನ್ನು ಕಳಿಸುತ್ತಿದ್ದೇನೆ. ಫೀಸು ಆಸ್ಪತ್ರೆ ಕೊಡುತ್ತದಂತೆ, ರಜೆ ಮಾತ್ರ ಅವನದೇ.