ಬ್ರನೋ ಮಾಡೆಲ್ 2: ಸೈಟ್ ನೋಡಿ ಆರಿಸಿದ ಹಳೇ .22 ರೈಫಲ್

ರೈಫಲ್ ತಗೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಕಂಪನಿ ಯಾವುದು, ಬೋರ್ (ಬ್ಯಾರಲ್ಲಿನ ಒಳ ಅಗಲ; .22 ಅಂದರೆ 0.22 ಇಂಚು) ಯಾವುದು, ರೇಟ್ ಎಷ್ಟು ಅಂತ. ದುರ್ಬೀನು ಇಲ್ಲದೆ ಬರೀ ಐರನ್ ಸೈಟ್ ಮೇಲೆ, ಅಂದರೆ ಬಂದೂಕಿನ ಮೇಲೆಯೇ ಕೂರಿಸಿದ ಗುರಿ ಹಿಡಿಯುವ ಕಚ್ಚು ಮತ್ತು ಕಡ್ಡಿಯ ಮೇಲೆ, ಹೊಡೆಯುವವರು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು. ಸೈಟ್ ಎಲ್ಲಿ ಕೂತಿದೆ? ಹೇಗೆ ಕೂತಿದೆ? ಎಷ್ಟು ಸರಿಸಲು ಬರುತ್ತದೆ? ಅದನ್ನು ನೋಡುವ ಕಣ್ಣಿಗೆ ವಯಸ್ಸೆಷ್ಟು? ನಾನು ಬೆಳಗಾವಿಯಲ್ಲಿ ಹಲವು ವರ್ಷಗಳಿಂದ ಹಳೇ ಬ್ರನೋ ಮಾಡೆಲ್ 2 ಬಳಸುತ್ತಿದ್ದೇನೆ. ಇಲ್ಲಿನ ಮಳೆಗಾಲ, ಮೇಲಿಂದ ಮೇಲೆ ಬಂದ ಚುನಾವಣೆ, ನನಗೆ ಬಂದ ಚಾಳೀಸು, ಎಲ್ಲವನ್ನೂ ಅದು ನೋಡಿದೆ.

ಮೊದಲು ಇದೇ ಯಾಕೆ ಅಂತ ಹೇಳುತ್ತೇನೆ. ನನ್ನ ಲೈಸೆನ್ಸ್ ಟಾರ್ಗೆಟ್ ಶೂಟಿಂಗಿಗೆ. ಬೇಟೆಯ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಕಥೆ. ಖಾನಾಪುರ ಕಡೆಯ ರೈತರು ಬೆಳೆ ಕಾಯಲು ಲೈಸೆನ್ಸ್ ತಗೊಳ್ಳುತ್ತಾರೆ, ಆ ಲೆಕ್ಕವೇ ಬೇರೆ, ಅದಕ್ಕೆ .22 ಉಪಯೋಗವೂ ಇಲ್ಲ. ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್) ಅಂದಕೂಡಲೇ ನಮ್ಮಲ್ಲಿ ಎಲ್ಲರ ಬಾಯಿಗೆ ಬರುವುದು .315. ಸೈನ್ಯದ .303 ನಾಗರಿಕರಿಗೆ ನಿಷಿದ್ಧ ಬೋರ್. ಅದಕ್ಕೇ .315 ಇಷ್ಟೊಂದು ಹಬ್ಬಿತು. ಅಂದಹಾಗೆ ಅದರ ಗುಂಡು ಮೂಲದಲ್ಲಿ ಆಸ್ಟ್ರಿಯಾ-ಹಂಗೇರಿ ಸೈನ್ಯದ 8×50 ಮ್ಯಾನ್‌ಲಿಕರ್. ರೈಫಲ್ ಗಟ್ಟಿಮುಟ್ಟು, ಅನುಮಾನ ಬೇಡ. ಆದರೆ ಭುಜಕ್ಕೆ ಒದೆತ ಜಾಸ್ತಿ, ಗುಂಡಿನ ಖರ್ಚು ಜಾಸ್ತಿ, ಅಂಥ ದೊಡ್ಡ ಗುಂಡು ಹೊಡೆಯಲು ಬಿಡುವ ರೇಂಜ್ ಸಿಗುವುದೂ ಕಷ್ಟ. ಐರನ್ ಸೈಟ್ ಕಲಿಯಬೇಕಾದರೆ ಗುಂಡು ಹೊಡೆಯುತ್ತಲೇ ಇರಬೇಕು. ಹಾಗಾಗಿ .22.

ಎನ್‌ಸಿಸಿ ಮಾಡಿದವರಿಗೆ .22 ಡಿಲಕ್ಸ್ ರೈಫಲ್ ನೆನಪಿರುತ್ತದೆ, ಅಲ್ವಾ? 25 ಗಜದಲ್ಲಿ ನೆಲಕ್ಕೆ ಮಲಗಿ, ಬೋಲ್ಟ್ ಎಳೆದು, ಹವಾಲ್ದಾರ ಸಾಹೇಬರ ಬೈಗುಳ ಕೇಳುತ್ತಾ ಹೊಡೆದದ್ದು. ಬ್ರನೋ ಕೂಡ ಅದೇ ಜಾತಿಯದು, ಆದರೆ ಕೈಗೆ ಬಂದಾಗ ಬೇರೆಯೇ ಅನಿಸುತ್ತದೆ. ಚೆಕೊಸ್ಲೊವಾಕಿಯಾದಲ್ಲಿ ತಯಾರಾದದ್ದು. ಬಿಚ್ಚಿ ಹಾಕುವ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ), ಅದರಲ್ಲಿ 5 ಗುಂಡು. ಉದ್ದನೆಯ ಬ್ಯಾರಲ್, 60 ಸೆಂ.ಮೀ.ಗಿಂತ ಹೆಚ್ಚು. ಇದರ ವಂಶವೇ ಮುಂದೆ ಸಿಝಡ್ ಕಂಪನಿಯ 452, 455, 457 ಮಾಡೆಲ್ ಆಗಿ ಬೆಳೆಯಿತು. 1980ರ ದಶಕದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಆಮದಿನ ಬಾಗಿಲು ಮುಚ್ಚಿತು. ಹಾಗಾಗಿ ಈಗ ಸಿಗುವುದೆಲ್ಲ ಯಾರದೋ ಅಜ್ಜನೋ ಮಾವನೋ ಬಳಸಿದ್ದು. ರೇಟ್ ಕೇಳಬೇಡಿ. ಮಾರುವವರ ಬಾಯಿಗೆ ಬಂದದ್ದೇ ರೇಟ್.

ಈಗ ಸೈಟ್ ವಿಚಾರ. ನಾನು ದುಡ್ಡು ಕೊಟ್ಟದ್ದೇ ಅದಕ್ಕೆ.

ಹಿಂದಿನದು ಟ್ಯಾಂಜೆಂಟ್ ಸೈಟ್. ಅಂದರೆ ಪಟ್ಟಿಯ ಮೇಲೆ ಒಂದು ಗುಬಟು ಜಾರಿಸಿದರೆ ಬ್ಯಾಕ್‌ಸೈಟ್ ಏರುತ್ತದೆ, ಇಳಿಯುತ್ತದೆ. ಗುರುತು 200 ಮೀಟರಿನವರೆಗೆ ಇದೆ. .22ಗೆ 200 ಮೀಟರ್ ಅನ್ನುವುದು ಸುಮ್ನೆ ಶೋಕಿ. 50 ಮೀಟರಿಗೆ ಜೀರೋ ಮಾಡಿದ, ಅಂದರೆ ಆ ದೂರಕ್ಕೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸೈಟ್ ಹೊಂದಿಸಿದ, ರೈಫಲ್‌ನಿಂದ 100 ಮೀಟರಿಗೆ ಹೊಡೆದರೆ ಸಾಮಾನ್ಯ ವೇಗದ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಮುಂದಿನದು ಕಡ್ಡಿಯಂಥ ಫೋರ್‌ಸೈಟ್, ಮೇಲೆ ದುಂಡನೆಯ ಮುಚ್ಚಳ. ಈ ಮುಚ್ಚಳವನ್ನು ಬಿಚ್ಚಿ ಕಳೆದುಕೊಂಡವರು ಬಹಳ ಜನ ಇದ್ದಾರೆ. ಅದು ಇರಲೇಬೇಕು. ಬಿಸಿಲು ಎಡಗಡೆಯಿಂದ ಬಿದ್ದರೆ ಕಡ್ಡಿಯ ಎಡಬದಿ ಹೊಳೆಯುತ್ತದೆ, ಕಣ್ಣು ಮೋಸ ಹೋಗುತ್ತದೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ನಾನಂತೂ ಬೋಲ್ಟ್ ತೆಗೆದಿಟ್ಟು ಫೋರ್‌ಸೈಟಿಗೆ ಕರ್ಪೂರದ ಹೊಗೆ ಹಿಡಿಸುತ್ತೇನೆ. ಕಪ್ಪು ಅಂದರೆ ಅಂಥ ಕಪ್ಪು ಯಾವ ಬಣ್ಣದಲ್ಲೂ ಬರುವುದಿಲ್ಲ.

ಎರಡು ಸೈಟ್‌ಗಳ ನಡುವಿನ ಅಂತರ ನನ್ನ ರೈಫಲ್‌ನಲ್ಲಿ ಸುಮಾರು ಅರ್ಧ ಮೀಟರ್. ಈ ಅಂತರವೇ ಎಲ್ಲಕ್ಕಿಂತ ದೊಡ್ಡ ಸಂಗತಿ. ಸೈಟ್ ಹೊಂದಿಸುವಾಗ ಅರ್ಧ ಮಿ.ಮೀ. ತಪ್ಪಿದರೆ 50 ಮೀಟರಿನಲ್ಲಿ ಗುಂಡು 5 ಸೆಂ.ಮೀ. ತಪ್ಪುತ್ತದೆ. ಅಂತರ ಕಾಲು ಮೀಟರ್ ಆಗಿದ್ದರೆ ಅದೇ ಅರ್ಧ ಮಿ.ಮೀ.ಗೆ 10 ಸೆಂ.ಮೀ. ಗಿಡ್ಡ ಬ್ಯಾರಲ್ಲಿನ ಚಂದದ ರೈಫಲ್ ತೋರಿಸಿ ಅಂಗಡಿಯವರು ಹೊಗಳುವಾಗ ಟೇಪು ಹಿಡಿದು ಇದನ್ನು ಅಳೆಯಿರಿ.

ಫೋರ್‌ಸೈಟಿನ ಅಗಲವನ್ನೂ ನೋಡಿ. 50 ಮೀಟರ್ ಟಾರ್ಗೆಟ್ಟಿನ ಕಪ್ಪು ಭಾಗದ ಅಗಲ 112.4 ಮಿ.ಮೀ. ಕಣ್ಣಿನಿಂದ 90 ಸೆಂ.ಮೀ. ದೂರದಲ್ಲಿರುವ 2 ಮಿ.ಮೀ. ಅಗಲದ ಕಡ್ಡಿ ಅಷ್ಟು ದೂರದಲ್ಲಿ ಸುಮಾರು 111 ಮಿ.ಮೀ. ಮುಚ್ಚುತ್ತದೆ. ಅಂದರೆ ಕಪ್ಪು ವೃತ್ತ ಕಡ್ಡಿಯ ತುದಿಯ ಮೇಲೆ ಸರಿಯಾಗಿ ಕೂತಂತೆ ಕಾಣುತ್ತದೆ. ಎಡಬಲ ಸ್ವಲ್ಪ ಆಚೀಚೆ ಆದರೂ ಗೊತ್ತಾಗುತ್ತದೆ. ಕಡ್ಡಿ ಇದಕ್ಕಿಂತ ದಪ್ಪ ಇದ್ದರೆ ಕಪ್ಪಿನ ಕೆಳಗೆ ಅದು ಎಲ್ಲಿ ನಿಂತಿದೆ ಅಂತಲೇ ತಿಳಿಯುವುದಿಲ್ಲ.

ನನ್ನ ರೈಫಲ್ ಬಂದಾಗ ಒಂದು ಲಫಡಾ ಇತ್ತು. ಮಾರಿದವರು 'ಜೀರೋ ಆಗಿದೆ, ಹೊಡೆದು ನೋಡಿ' ಅಂದಿದ್ದರು. ಬ್ಯಾಕ್‌ಸೈಟ್ ಪೂರ್ತಿ ಕೆಳಗಿಳಿಸಿದರೂ ಗುಂಡು 50 ಮೀಟರಿನಲ್ಲಿ 10 ಸೆಂ.ಮೀ. ಮೇಲೆ. ಭೂತಗನ್ನಡಿ ಹಿಡಿದು ನೋಡಿದರೆ ಫೋರ್‌ಸೈಟಿನ ತುದಿಯನ್ನು ಹಿಂದೆ ಯಾರೋ ಅರದಿಂದ ಉಜ್ಜಿದ್ದು ಕಂಡಿತು. ಫೋರ್‌ಸೈಟ್ ತಗ್ಗಿದರೆ ಗುಂಡು ಏರುತ್ತದೆ. ಲೆಕ್ಕ ಸುಲಭ: ಗುಂಡು ತಪ್ಪಿದ ದೂರವನ್ನು ಸೈಟ್ ಅಂತರದಿಂದ ಗುಣಿಸಿ, ಟಾರ್ಗೆಟ್ ದೂರದಿಂದ ಭಾಗಿಸಿ. ನನಗೆ ಬೇಕಾಗಿದ್ದದ್ದು ಸರಿಯಾಗಿ 1 ಮಿ.ಮೀ. ಎತ್ತರ. ಪಕ್ಕಕ್ಕೆ ಸರಿಸುವುದಿದ್ದರೂ ಇದೇ ಲೆಕ್ಕ. ಬ್ಯಾಕ್‌ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಬೇಕು, ಫೋರ್‌ಸೈಟನ್ನು ಅದರ ವಿರುದ್ಧ ಕಡೆಗೆ.

ಬೆಳಗಾವಿಯಲ್ಲಿ 1 ಮಿ.ಮೀ. ಕೆಲಸಕ್ಕೆ ಬರವೇ? ಉದ್ಯಮಬಾಗದಲ್ಲಿ ಯಾವ ಲೇತ್‌ನವರಿಗೆ ಹೇಳಿದರೂ ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಡುತ್ತಾರೆ. ಆದರೆ ಬಂದೂಕಿನ ರಿಪೇರಿಗೆ ಆರ್ಮ್ಸ್ ಆ್ಯಕ್ಟಿನ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇರುವವರೇ ಬೇಕು. ಲೈಸೆನ್ಸ್ ಇರುವ ಮಿಸ್ತ್ರಿಯನ್ನು ಹುಡುಕಿ, ರೈಫಲ್ ಕೊಟ್ಟು, ರಸೀದಿ ಇಟ್ಟುಕೊಂಡು ಕಾದೆ. ಬಹಳ ಕಾದೆ. ಈ ಕಸುಬು ಕಲಿತ ಮಿಸ್ತ್ರಿಗಳೇ ಈಗ ಕಡಿಮೆ, ಇದ್ದವರ ಮುಂದೆ ಸಾಲು ಉದ್ದ. ಹೊಸ ಫೋರ್‌ಸೈಟ್ ಕೂತ ಮೇಲೆ ಮಾತ್ರ ಇಂದಿನವರೆಗೂ ಅಲುಗಿಲ್ಲ.

ನಿಖರತೆ ಹೇಗಿದೆ? ಮರಳಿನ ಚೀಲದ ಮೇಲೆ ಇಟ್ಟು 50 ಮೀಟರಿನಲ್ಲಿ ಹೊಡೆದರೆ ಗುಂಡುಗಳು ಟಾರ್ಗೆಟ್ಟಿನಲ್ಲಿ ಎಂಟು ಅಂಕದ ವೃತ್ತದೊಳಗೆ, ಅಂದರೆ 42.4 ಮಿ.ಮೀ. ಒಳಗೆ ಕೂರುತ್ತವೆ. ಗುಂಡಿನ ಬ್ರ್ಯಾಂಡ್ ಬದಲಾದರೆ ಇದೂ ಬದಲಾಗುತ್ತದೆ. ಅತಿ ವೇಗದ್ದು ಬೇಡವೇ ಬೇಡ. ಶಬ್ದಕ್ಕಿಂತ ನಿಧಾನ ಹೋಗುವ ಸಾಮಾನ್ಯ ವೇಗದ 40 ಗ್ರೇನಿನ (ಸುಮಾರು 2.6 ಗ್ರಾಂ ತೂಕದ) ಗುಂಡೇ ಇದಕ್ಕೆ ಒಗ್ಗುತ್ತದೆ. ಕೆಲವು ಬ್ಯಾಚುಗಳಲ್ಲಿ ಒಂದೊಂದು ಗುಂಡು ಸುಮ್ಮನೆ ಕೆಳಗೆ ಬೀಳುತ್ತದೆ, ಅದಕ್ಕೆ ರೈಫಲ್ ಏನು ಮಾಡಬೇಕು? ಮಳೆಗಾಲದ ಪಡುಗಾಳಿಯನ್ನೂ ಮರೆಯಬಾರದು. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ 50 ಮೀಟರಿನಲ್ಲೇ ಗುಂಡನ್ನು ಸುಮಾರು ಒಂದು ಇಂಚು ತಳ್ಳುತ್ತದೆ.

ಎರಡು ಮೂರು ವರ್ಷ ಆದ ಮೇಲೆ ಸಮಸ್ಯೆ ಶುರುವಾದದ್ದು ನನ್ನ ಕಣ್ಣಿನಲ್ಲಿ. ಬ್ಯಾಕ್‌ಸೈಟಿನ ಕಚ್ಚು ಮಸುಕಾಯಿತು. ನಲವತ್ತು ದಾಟಿದವರಿಗೆಲ್ಲ ಇದು ಇದ್ದದ್ದೇ. ಬ್ಯಾಕ್‌ಸೈಟ್, ಫೋರ್‌ಸೈಟ್, ಟಾರ್ಗೆಟ್ ಮೂರನ್ನೂ ಒಂದೇ ಸಲ ಸ್ಪಷ್ಟವಾಗಿ ನೋಡಲು ಯಾವ ವಯಸ್ಸಿನ ಕಣ್ಣಿಗೂ ಆಗುವುದಿಲ್ಲ. ರೇಂಜಿಗೆ ಬರುವ ನಿವೃತ್ತ ಸುಬೇದಾರರೊಬ್ಬರು ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ: "ಫೋರ್‌ಸೈಟ್ ಮ್ಯಾಲೆ ಕಣ್ಣಿಡ್ರಿ ಸರ, ಟಾರ್ಗೆಟ್ ಮಬ್ಬಾದ್ರ ಆಗವಲ್ದ್ಯಾಕ." ಅವರು ಹೇಳಿದಂತೆ ಮಾಡಲು ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ದೂರದ ನಂಬರಿಗೆ +0.50 ಸೇರಿಸಿ ಬೇರೆ ಕನ್ನಡಕ ಮಾಡಿಸಿಕೊಂಡೆ. ಫೋರ್‌ಸೈಟ್ ಚೂಪಾಯಿತು. ಬ್ಯಾಕ್‌ಸೈಟ್ ಮಾತ್ರ ಹಾಗೇ ಉಳಿಯಿತು.

ಕೊನೆಗೆ ಪೀಪ್ ಸೈಟ್ ಹಾಕಿದೆ. ಈ ಮಾಡೆಲ್ ಆರಿಸಿದ್ದಕ್ಕೆ ಫಲ ಸಿಕ್ಕಿದ್ದು ಇಲ್ಲೇ. ಬೋಲ್ಟ್ ಕೂರುವ ರಿಸೀವರಿನ ಮೇಲೆ ಕಂಪನಿಯವರೇ ಸೈಟ್ ಜಾರಿಸಿ ಕೂರಿಸಲು 11 ಮಿ.ಮೀ. ತೋಡು ಕೊರೆದಿದ್ದಾರೆ, ಹೊಸದಾಗಿ ತೂತು ಹೊಡೆಯುವ ಕೆಲಸವಿಲ್ಲ. ಪೀಪ್ ಅಂದರೆ ಕಣ್ಣಿನ ಹತ್ತಿರ ಒಂದು ಸಣ್ಣ ತೂತು. ಅದನ್ನು ನೋಡಬೇಕಿಲ್ಲ, ಅದರ ಮೂಲಕ ನೋಡಿದರಾಯಿತು. ಕಣ್ಣು ತಾನಾಗಿಯೇ ನಡುವನ್ನು ಹುಡುಕಿಕೊಳ್ಳುತ್ತದೆ. ಸಣ್ಣ ತೂತಿನಿಂದ ಹತ್ತಿರದ್ದು ದೂರದ್ದು ಎರಡೂ ಸ್ವಲ್ಪ ತಿಳಿಯಾಗುತ್ತವೆ. ಮೇಲಾಗಿ ಬ್ಯಾಕ್‌ಸೈಟ್ ಬ್ಯಾರಲ್ ಬಿಟ್ಟು ಹಿಂದಕ್ಕೆ ಬಂದದ್ದರಿಂದ ಸೈಟ್ ಅಂತರ ಬೆಳೆಯಿತು. ಮ್ಯಾಚ್ (ಸ್ಪರ್ಧೆಯ) ಏರ್ ರೈಫಲಿನ ಪೀಪ್ ಇದೇ ತೋಡಿಗೆ ಕೂರುತ್ತದೆ ಅಂತ ತರಬೇಡಿ. ಕೂರುತ್ತದೆ ನಿಜ, ಆದರೆ ತೀರಾ ಎತ್ತರ. ಅದಕ್ಕೆ ತಕ್ಕಂತೆ ಫೋರ್‌ಸೈಟನ್ನೂ ಎತ್ತರಿಸಬೇಕು, ಮತ್ತೆ ಅದೇ ಮಿಸ್ತ್ರಿ, ಅದೇ ಸಾಲು. ತಗ್ಗಿನ ಪೀಪ್ ಹುಡುಕಿ ಹಾಕಿದರೆ ತಲೆಬಿಸಿ ಇಲ್ಲ. ಈಗ ಗಾಳಿ ಇಲ್ಲದ ದಿನ, ಒಳ್ಳೇ ಗುಂಡು ಇದ್ದರೆ, ಚೀಲದ ಮೇಲಿಂದ ಒಂಬತ್ತರ ವೃತ್ತದ ಆಸುಪಾಸಿಗೆ ಬರುತ್ತದೆ. ಆ ವೃತ್ತ 26.4 ಮಿ.ಮೀ. ಇದಕ್ಕಿಂತ ಹೆಚ್ಚು ಕೇಳಿದರೆ ಮ್ಯಾಚ್ ರೈಫಲ್ಲೇ ಬೇಕು.

ಕುಂದುಗಳೂ ಇವೆ. ಬ್ಯಾರಲ್ ಕೆಳಗಿನ ಕಟ್ಟಿಗೆ ಮಳೆಗಾಲದಲ್ಲಿ ಉಬ್ಬುತ್ತದೆ. ಬೆಳಗಾವಿಯ ಜುಲೈ ಹೇಗಿರುತ್ತದೆ ಅಂತ ಇಲ್ಲಿದ್ದವರಿಗೆ ಗೊತ್ತು, ಒಗೆದ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಉಬ್ಬಿದ ಕಟ್ಟಿಗೆ ಬ್ಯಾರಲ್‌ಗೆ ಒಂದು ಕಡೆ ಒತ್ತಿದರೆ ಜೀರೋ ಸರಿಯುತ್ತದೆ. ಸೈಟನ್ನು ಬೈದು ಪ್ರಯೋಜನವಿಲ್ಲ. ಹಳೇ ನೋಟು ಬ್ಯಾರಲ್ ಮತ್ತು ಕಟ್ಟಿಗೆಯ ನಡುವೆ ಜಾರಿಸಿ ನೋಡಿದರೆ ಎಲ್ಲಿ ಹಿಡಿಯುತ್ತದೆ ಅಂತ ತಿಳಿಯುತ್ತದೆ. ಸ್ಕ್ರೂ ಪ್ರತಿಸಲ ಅಷ್ಟೇ ಬಿಗಿ ಇರಬೇಕು. ಕಟ್ಟಿಗೆಗೆ ಬೇಸಿಗೆಯಲ್ಲೇ ಅಗಸೆ ಎಣ್ಣೆ ಉಜ್ಜಿ ಇಡುತ್ತೇನೆ. ತೊಗಲಿನ ಚೀಲದಲ್ಲಿ ರೈಫಲ್ ಇಟ್ಟು ಮರೆತರೆ ತುಕ್ಕು ಗ್ಯಾರಂಟಿ. ಚೀಲ ಒಯ್ಯಲು ಮಾತ್ರ.

ತುಕ್ಕಿನ ಮಾತು ಬಂದಾಗ ಚುನಾವಣೆಯದ್ದೂ ಹೇಳಬೇಕು. ನೀತಿ ಸಂಹಿತೆ ಬಂತೆಂದರೆ ರೈಫಲ್ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಹೋಗಿ ಕೂರುತ್ತದೆ. ಬೆಳಗಾವಿಯವರಿಗೆ 2021ರಲ್ಲಿ ಲೋಕಸಭೆ ಉಪಚುನಾವಣೆ, 2023ರಲ್ಲಿ ವಿಧಾನಸಭೆ, 2024ರಲ್ಲಿ ಮತ್ತೆ ಲೋಕಸಭೆ. ಕ್ರೀಡಾಪಟುಗಳು ವಿನಾಯಿತಿಗೆ ಅರ್ಜಿ ಕೊಡಬಹುದು, ಸಿಗುವುದು ಅವರವರ ದಾಖಲೆಯ ಮೇಲೆ. ಕೊಡುವ ಮೊದಲು ಬ್ಯಾರಲ್ ಒಳಗೂ ಹೊರಗೂ ಎಣ್ಣೆ ಹಚ್ಚಿ, ಪೀಪ್ ಸೈಟ್ ಬಿಚ್ಚಿ ಮನೆಯಲ್ಲಿ ಇಟ್ಟುಕೊಳ್ಳಿ. ವಾಪಸ್ ತಂದ ಮೇಲೆ ಎಣ್ಣೆ ಒರೆಸಿ, ಮೊದಲ ಕೆಲವು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಳೇ ಬ್ರನೋ ನೋಡಲು ಹೋಗುವವರು ಸೈಟ್ ನೋಡಿದ ಮೇಲೆ ಬ್ಯಾರಲ್ಲಿನ ಬಾಯಿ ನೋಡಿ. ಮುಂದಿನಿಂದ ಉಕ್ಕಿನ ಸಲಾಕೆ ಹಾಕಿ ತಿಕ್ಕಿದವರ ರೈಫಲ್‌ನಲ್ಲಿ ಬಾಯಿಯ ಅಂಚು ಒಂದು ಕಡೆ ಸವೆದಿರುತ್ತದೆ, ಅಂಥದ್ದಕ್ಕೆ ಎಂಥ ಸೈಟ್ ಹಾಕಿದರೂ ವ್ಯರ್ಥ. ಆಮೇಲೆ ಬೋಲ್ಟ್ ತೆಗೆದು ಗುಂಡು ಕೂರುವ ಛೇಂಬರಿನ ಅಂಚಿಗೆ ಬ್ಯಾಟರಿ ಬಿಡಿ. ಖಾಲಿ ರೈಫಲ್‌ನ ಕುದುರೆ ಮತ್ತೆ ಮತ್ತೆ ಎಳೆದಿದ್ದರೆ ಪಿನ್ ಹೊಡೆದ ತಗ್ಗು ಕಾಣುತ್ತದೆ. ರೈಫಲ್ ಮೇಲಿನ ನಂಬರ್ ಮಾರುವವರ ಲೈಸೆನ್ಸಿನ ನಂಬರಿಗೆ ಹೊಂದದಿದ್ದರೆ ಚಹಾ ಕುಡಿದು ಎದ್ದು ಬನ್ನಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಬಂದೂಕು, ಆ ಎರಡರಲ್ಲಿ ಒಂದು ಜಾಗ ಇದಕ್ಕೆ ಕೊಡುತ್ತಿದ್ದೀರಿ ಅನ್ನುವುದು ನೆನಪಿರಲಿ. ಮ್ಯಾಗಜಿನ್ ಎಷ್ಟಿವೆ ಅಂತಲೂ ಕೇಳಿ. ನನ್ನದರ ತುಟಿ ಬಾಗಿದೆ, ಕೊನೆಯ ಗುಂಡು ಆಗಾಗ ಅಡ್ಡ ನಿಲ್ಲುತ್ತದೆ, ಇನ್ನೊಂದನ್ನು ಇನ್ನೂ ಹುಡುಕುತ್ತಿದ್ದೇನೆ.