ಹಸಿ ಭರಣಿಗೆ ಚಿತ್ರ ಬಿಡಿಸಿ ಕೈ ಸುಟ್ಟುಕೊಂಡೆ

ಮೂರು ವಾರ ಕೂತು ಬಿಸಿ ಪೆನ್ನಿನಿಂದ ಬಾತುಕೋಳಿಗಳ ಚಿತ್ರ ಸುಟ್ಟು, ಬಣ್ಣ ತುಂಬಿದ ಮರದ ಭರಣಿ ಮೊನ್ನೆ ರಾತ್ರಿ ಕಪಾಟಿನೊಳಗೇ ಟಕ್ ಎಂದಿತು. ಬೆಳಗ್ಗೆ ತೆಗೆದು ನೋಡಿದರೆ, ಬಾಯಿಯಿಂದ ಹೊರಟ ಬಿರುಕು ಏಳನೆಯ ಬಾತುಕೋಳಿಯ ಕೊರಳನ್ನು ಸೀಳಿಕೊಂಡು ಅರ್ಧದವರೆಗೆ ಇಳಿದಿದೆ.

"ಚೆನ್ನಾಗಿ ಒಣಗಿದೆ, ಧೈರ್ಯವಾಗಿ ಕೆಲಸ ಶುರುಮಾಡಿ" ಎಂದಿದ್ದರು ಕಡೆದು ಕೊಟ್ಟವರು. ಅವರ ಮೇಲೆ ಸಿಟ್ಟಿದೆ, ನಿಜ. ಆದರೆ ಭರಣಿ ಮೊದಲ ದಿನವೇ ಸತ್ಯ ಹೇಳಿತ್ತು, ಕೇಳಿಸಿಕೊಳ್ಳದವಳು ನಾನು. ಬಿಸಿ ಪೆನ್ನಿನ ತುದಿ ತಾಗಿದಾಗಲೆಲ್ಲ ಸಣ್ಣಗೆ ಚುಂಯ್ ಎನ್ನುತ್ತಿತ್ತು. ಗೆರೆ ಕಪ್ಪಾಗದೆ ಚಹಾ ಬಣ್ಣಕ್ಕೇ ನಿಲ್ಲುತ್ತಿತ್ತು. ಪೆನ್ನೇ ಸರಿಯಿಲ್ಲ ಎಂದುಕೊಂಡು ಶಾಖ ಏರಿಸಿದೆ. ಗೆರೆಯ ಎರಡೂ ಬದಿಗೆ ಕಂದು ಹಬ್ಬಿತು. ಎರಡನೆಯ ವಾರ ಮುಚ್ಚಳ ಬಿಗಿಯಾಗತೊಡಗಿತು. ಬಣ್ಣ ದಪ್ಪವಾಯಿತೇನೋ ಎಂದು ಉಜ್ಜು ಕಾಗದ ಹಿಡಿದು ಮುಚ್ಚಳವನ್ನೇ ಸವೆಸಿದೆ. ಅಷ್ಟು ಹೊತ್ತಿಗೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಹಸಿ ಮರ ಕಡೆಯುವುದು ತಪ್ಪೇನಲ್ಲ, ಉಳಿ ಸಲೀಸಾಗಿ ಓಡುತ್ತದೆ. ಬಲ್ಲವರು ಮೈಯನ್ನು ದಪ್ಪಗೆ ಬಿಟ್ಟು ಒರಟಾಗಿ ಕಡೆದು, ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ಲೇತಿಗೆ (ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ) ಏರಿಸಿ ದುಂಡಗೆ ಮಾಡುತ್ತಾರೆ. ನನ್ನದು ಒಂದೇ ಏಟಿಗೆ ಮುಗಿಸಿದ್ದು. ಮರದ ತೇವ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಕುಗ್ಗುವುದು ಶುರುವಾಗುತ್ತದೆ. ಅದೂ ಎಲ್ಲ ಕಡೆ ಸಮನಾಗಿ ಅಲ್ಲ: ತಿರುಳಿನಿಂದ ಹೊರಕ್ಕೆ ಕುಗ್ಗುವುದಕ್ಕಿಂತ ಮರದ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚುಕಡಿಮೆ ಎರಡು ಪಟ್ಟು. ಇದರ ಮೇಲೆ ನನ್ನ ಘನಕಾರ್ಯ ಬೇರೆ. ಹೊರಮೈಗೆ ಅಕ್ರಿಲಿಕ್ ಬಣ್ಣ, ಮೇಲೆ ಮೂರು ಕೈ ವಾರ್ನಿಷ್. ಒಳಮೈ ಮಾತ್ರ ಬರಿದು. ಒಳಗಿನಿಂದ ಬೇಗ ಒಣಗಿತು, ಹೊರಗೆ ತೇವ ಸಿಕ್ಕಿಕೊಂಡಿತು. ಜಗ್ಗಾಟದಲ್ಲಿ ಹೋದದ್ದು ಬಾತುಕೋಳಿಯ ಕುತ್ತಿಗೆ. ಮರದ ಹೊಟ್ಟಿಗೆ ಗೋಂದು ಕಲಸಿ ತುಂಬಿದ್ದೂ ಆಯಿತು, ನೋಡಲು ಗಾಯದ ಹಕ್ಕಳೆಯಂತಿದೆ.

ಯಾರ ಮಾತನ್ನೂ ನಂಬಬೇಡಿ, ತಕ್ಕಡಿಯನ್ನು ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಎರಡು ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೊರಡುತ್ತಿದೆ ಎಂದರ್ಥ. ತೂಕ ವಾರಗಟ್ಟಲೆ ಕದಲದೆ ನಿಂತ ಮೇಲೆಯೇ ಪೆನ್ನು ಹಿಡಿಯಿರಿ, ಮೊದಲ ಗೆರೆಯನ್ನು ಯಾರಿಗೂ ಕಾಣದ ತಳದಲ್ಲಿ ಎಳೆದು ನೋಡಿ. ಅಂದಹಾಗೆ, ಮೇಲೆ ಒಂದು ಹನಿ ನೀರು ಬಿಟ್ಟಾಗ ಅದು ಇಂಗದೆ ಮಣಿಯಂತೆ ಕೂತರೆ, ಮರಕ್ಕೆ ಮೇಣವನ್ನೋ ಮೆರುಗನ್ನೋ ಬಳಿದಿರುವ ಸಾಧ್ಯತೆ ಇದೆ. ಅದನ್ನು ಪೂರ್ತಿ ಕೆರೆದು ತೆಗೆಯದೆ ಸುಡಲೇಬೇಡಿ, ಆ ಹೊಗೆ ಎದೆಗೆ ಒಳ್ಳೆಯದಲ್ಲ.

ಹೊಸ ಭರಣಿಯೊಂದು ಬಂದಿದೆ. ಇದೂ "ಒಣಗಿದ್ದೇ" ಅಂತೆ. ಬಂದ ದಿನ 412 ಗ್ರಾಂ ಇತ್ತು, ಇವತ್ತು 371. ಪೆನ್ನು ಡಬ್ಬದಲ್ಲೇ ಇದೆ.